ಸುಲು ವಾಪಸ್ ಬಂತು, ಜಾಂಬೊವಾಂಗಾ ಕರೆದಿರಲಿಲ್ಲ

ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 9ರಂದು ಒಂದು ತೀರ್ಪು ಕೊಟ್ಟಿತು. ದೇಶದ ದಕ್ಷಿಣ ತುದಿಯಲ್ಲಿ ಮುಸ್ಲಿಮರಿಗಾಗಿ ಕಟ್ಟಿದ ಬಂಗ್ಸಾಮೊರೊ ಎಂಬ ಸ್ವಾಯತ್ತ ಪ್ರದೇಶ ಇದೆಯಲ್ಲ, ಅದರೊಳಗೆ ಸುಲು ಎಂಬ ದ್ವೀಪಗಳ ಪ್ರಾಂತ್ಯ ಇಲ್ಲ ಅಂತ. ಹತ್ತು ತಿಂಗಳಿಗೂ ಜಾಸ್ತಿ ಸುಲು ಯಾವ ಲೆಕ್ಕಕ್ಕೂ ಸೇರದೆ ನಡುನೀರಲ್ಲಿ ನಿಂತಿತ್ತು. ಕೊನೆಗೆ 2025ರ ಜುಲೈ 30ರಂದು ಅಧ್ಯಕ್ಷ ಫರ್ಡಿನಂಡ್ ಮಾರ್ಕೋಸ್ ಜೂನಿಯರ್ 91ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿ ಅದನ್ನು 9ನೇ ರೀಜನ್‌ಗೆ, ಅಂದರೆ ಜಾಂಬೊವಾಂಗಾ ಪರ್ಯಾಯದ್ವೀಪಕ್ಕೆ ಸೇರಿಸಿದರು.

ಈ ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. ಸುಲು ಈಗ ಜಾಂಬೊವಾಂಗಾದ ಕೈಕೆಳಗೆ ಬಂತಾ? ಅಥವಾ ಜಾಂಬೊವಾಂಗಾವೇ ಬಂಗ್ಸಾಮೊರೊ ಕಡೆಗೆ ವಾಲಿತಾ? ಎರಡೂ ಅಲ್ಲ. ಏನಾಗಿದೆ ಅಂತ ತಿಳಿಯಬೇಕಾದರೆ ಸುಲುವಿನಿಂದ ಶುರು ಮಾಡುವುದಕ್ಕಿಂತ ಜಾಂಬೊವಾಂಗಾ ಎಂಬ ಹಳೇ ಬಂದರಿನಿಂದ ಶುರು ಮಾಡುವುದು ಒಳ್ಳೆಯದು. ಯಾಕಂದರೆ ಸುಲುವಿನ ಜೊತೆ ವ್ಯಾಪಾರ ಬೇಕು, ಊಟ ಬೇಕು, ನೆಂಟಸ್ತನವೂ ಬೇಕು, ಆದರೆ ಒಂದೇ ಸರ್ಕಾರದ ಕೆಳಗೆ ಮಾತ್ರ ಬೇಡ ಅಂತ ಬಹಳ ಕಾಲದಿಂದ ಹೇಳಿಕೊಂಡು ಬಂದ ಊರು ಅದು.

ಇನ್ನೊಂದು ಮಾತು. ಸುಲು ಸುಲ್ತಾನನ ವಾರಸುದಾರರು ಮಲೇಷ್ಯಾದಿಂದ 1,492 ಕೋಟಿ ಡಾಲರ್ ಕೇಳಿದ ಕೇಸು ಕೂಡ ಕೆಲವು ವರ್ಷಗಳಿಂದ ಸುದ್ದಿಯಲ್ಲಿದೆ. ಅದು 1878ರ ಉತ್ತರ ಬೋರ್ನಿಯೊ ಒಪ್ಪಂದದ ಜಗಳ. ಹೆಸರು ಒಂದೇ ಅಂತ ಎರಡನ್ನೂ ಬೆರೆಸಿಕೊಳ್ಳಬೇಡಿ.

ರೀಜನ್ ಅಂದರೆ ಸರ್ಕಾರ ಅಲ್ಲ

ಅರ್ಧ ಗೊಂದಲ ಹುಟ್ಟುವುದೇ ಈ ಒಂದು ಪದದಿಂದ. ಫಿಲಿಪ್ಪೀನ್ಸ್‌ನಲ್ಲಿ ರೀಜನ್ ಅನ್ನುವುದು ಕೇಂದ್ರದ ಇಲಾಖೆಗಳು ಕೆಲಸ ಹಂಚಿಕೊಳ್ಳಲು ಎಳೆದ ಗೆರೆ. ನಮ್ಮಲ್ಲಿ ಬೆಳಗಾವಿ ವಿಭಾಗ, ಕಲಬುರಗಿ ವಿಭಾಗ ಅಂತ ಕಂದಾಯ ವಿಭಾಗಗಳಿವೆಯಲ್ಲ, ಹೆಚ್ಚುಕಮ್ಮಿ ಹಾಗೆ. ಅದಕ್ಕೆ ಜನ ಆರಿಸಿದ ಸರ್ಕಾರ ಇಲ್ಲ, ಶಾಸನಸಭೆ ಇಲ್ಲ. ಸುಲುವಿನ ಗವರ್ನರ್ ಮೊದಲಿನಂತೆ ಗವರ್ನರ್ ಆಗಿಯೇ ಇರುತ್ತಾರೆ. ಜಾಂಬೊವಾಂಗಾದ ಮೇಯರ್‌ಗೆ ಅವರ ಮೇಲೆ ಯಾವ ಅಧಿಕಾರವೂ ಇಲ್ಲ.

ಬಂಗ್ಸಾಮೊರೊ ಹಾಗಲ್ಲ. ಅಲ್ಲಿ 80 ಸ್ಥಾನಗಳ ಸಂಸತ್ತು ಇದೆ, ಮುಖ್ಯಮಂತ್ರಿ ಇದ್ದಾರೆ, ಸ್ವಂತ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯಗಳಿವೆ. ಹಾಗಾಗಿ ಸುಲು ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗಿದ್ದಲ್ಲ. ಒಂದು ಸರ್ಕಾರದಿಂದ ಹೊರಗೆ ಬಂದು ನೇರವಾಗಿ ಮನಿಲಾದ ಕೆಳಗೆ ನಿಂತಿದೆ. ಅದರ ಕಡತಗಳು ಹೋಗುವ ದಾರಿಗೆ ಜಾಂಬೊವಾಂಗಾ ಅಂತ ಹೆಸರು, ಅಷ್ಟೇ.

ಇದು ಹೊಸದೂ ಅಲ್ಲ. ಅಮೆರಿಕನ್ನರು 1903ರಲ್ಲಿ ಮೊರೊ (ಅಂದರೆ ಇಲ್ಲಿನ ಮುಸ್ಲಿಮರ) ಪ್ರಾಂತ್ಯ ಅಂತ ಮಾಡಿ ಜಾಂಬೊವಾಂಗಾವನ್ನು ರಾಜಧಾನಿ ಮಾಡಿದ್ದರು. ಸುಲು ಅದರ ಒಂದು ಜಿಲ್ಲೆ. ಮುಂದೆ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ನಡೆಸಿದ ಜಾನ್ ಪರ್ಶಿಂಗ್ 1909ರಿಂದ 1913ರವರೆಗೆ ಇಲ್ಲಿಂದಲೇ ಆಳಿದ್ದು. ಊರ ನಡುವಿನ ಪ್ಲಾಜಾಕ್ಕೆ ಇನ್ನೂ ಅವನ ಹೆಸರಿದೆ. ಆಮೇಲೆ 1970ರ ದಶಕದಲ್ಲಿ ರೀಜನ್‌ಗಳು ಬಂದಾಗಲೂ ಸುಲು ಇದ್ದದ್ದು 9ನೇ ರೀಜನ್‌ನಲ್ಲೇ. 1989ರಲ್ಲಿ ಸ್ವಾಯತ್ತ ಪ್ರದೇಶಕ್ಕೆ ಹೋಯಿತು, ಈಗ 2025ರಲ್ಲಿ ಮರಳಿತು.

ದೋಣಿ ಕಟ್ಟುವ ಗೂಟ

ಮಿಂಡನಾವೊ ದ್ವೀಪದ ಪಶ್ಚಿಮದಲ್ಲಿ ಉದ್ದಕ್ಕೆ ಚಾಚಿಕೊಂಡ ಒಂದು ಪರ್ಯಾಯದ್ವೀಪ ಇದೆ. ಅದರ ತುದಿಯಲ್ಲಿ ಈ ಊರು. ಎದುರಿಗೆ ಕಿರಿದಾದ ಜಲಸಂಧಿ, ಅದರಾಚೆ ಬಸಿಲಾನ್, ಅಲ್ಲಿಂದ ನೈಋತ್ಯಕ್ಕೆ ಸುಲು, ತಾವಿ-ತಾವಿ ಅಂತ ದ್ವೀಪಗಳ ಸರಮಾಲೆ ಬೋರ್ನಿಯೊ ಮುಟ್ಟುವವರೆಗೆ. ಸುಲುವಿನ ರಾಜಧಾನಿ ಹೋಲೋ ಇಲ್ಲಿಂದ ಸುಮಾರು 150 ಕಿಲೋಮೀಟರ್. ನಕ್ಷೆಗಳಲ್ಲಿ ಅದನ್ನು ಜೋಲೋ ಅಂತ ಓದುವವರೇ ಜಾಸ್ತಿ. ಅಲ್ಲಿನ ಜನ ಕರೆಯುವುದು ಹೋಲೋ.

ಊರಿನ ಹೆಸರು ಸಾಂಬೊವಾಂಗನ್ ಅನ್ನುವ ಹಳೇ ರೂಪದಿಂದ ಬಂದದ್ದು. ದೋಣಿ ಕಟ್ಟುವ ಗೂಟ ಇರುವ ಜಾಗ ಅಂತ ಅರ್ಥ. ಮಲಯದ ‘ಜಂಬಾಂಗನ್’ ಅಂದರೆ ಹೂವಿನ ಕುಂಡ, ಅದಕ್ಕೇ ಇದು ಹೂವಿನ ನಗರ ಅನ್ನುವ ಕಥೆಯೂ ಇದೆ, ಪ್ರವಾಸಿ ಪತ್ರಿಕೆಗಳಿಗೆ ಅದೇ ಇಷ್ಟ. ಆದರೆ ಗೂಟದ ಕಥೆಯೇ ಹೆಚ್ಚು ನಂಬುವಂಥದ್ದು. ಸಮುದ್ರದ ಮೇಲೆ ಬದುಕುವ ಸಾಮಾ ಜನ ದೋಣಿ ಕಟ್ಟುತ್ತಿದ್ದ ತೀರ ಇದು.

1635ರ ಜೂನ್ 23ರಂದು ಸ್ಪೇನಿನವರು ಇಲ್ಲಿ ಕಲ್ಲಿನ ಕೋಟೆಗೆ ಅಡಿಪಾಯ ಹಾಕಿದರು. ನಕ್ಷೆ ಬರೆದವನು ಮೆಲ್ಚೋರ್ ದೆ ವೆರಾ ಎಂಬ ಜೆಸ್ಯುಯಿಟ್ ಪಾದ್ರಿ, ಎಂಜಿನಿಯರ್ ಕೂಡ. ಸುಲು ಮತ್ತು ಮಿಂಡನಾವೊದ ಮಗಿಂದನಾವೊ ಪ್ರದೇಶದ ಕಡೆಯಿಂದ ಉತ್ತರದ ದ್ವೀಪಗಳಿಗೆ ದಾಳಿಗೆ ಹೋಗುವ ದೋಣಿಗಳನ್ನು ದಾರಿಯಲ್ಲೇ ತಡೆಯುವುದು ಉದ್ದೇಶ. ಅಂದರೆ ಈ ಊರು ಸ್ಪ್ಯಾನಿಷ್ ಊರಾಗಿ ಹುಟ್ಟಿದ್ದೇ ಸುಲುವಿಗೆ ಅಡ್ಡ ನಿಲ್ಲಲು. ತಮಾಷೆ ಅಂದರೆ 1660ರ ದಶಕದ ಶುರುವಿನಲ್ಲಿ ಕೋಶಿಂಗಾ ಎಂಬ ಚೀನೀ ಸೇನಾನಿ ಮನಿಲಾ ಮೇಲೆ ಬರುತ್ತಾನೆ ಅಂತ ಹೆದರಿ ಇಲ್ಲಿನ ಸೈನಿಕರನ್ನು ಅಲ್ಲಿಗೆ ಕರೆಸಿಕೊಂಡರು. ಅವನು ಬರಲೇ ಇಲ್ಲ. ಕೋಟೆ ಮಾತ್ರ ಅರ್ಧ ಶತಮಾನಕ್ಕೂ ಜಾಸ್ತಿ ಖಾಲಿ ಬಿದ್ದಿತ್ತು. 1718ರಲ್ಲಿ ವಾಪಸ್ ಬಂದು ಮತ್ತೆ ಕಟ್ಟಿದರು, ಪಿಲಾರ್ ಮಾತೆಯ ಹೆಸರಿಟ್ಟರು. ಇವತ್ತು ಆ ಕೋಟೆಯ ಹೊರಗೋಡೆಯೇ ಬಯಲು ಗುಡಿ. ಜನ ಅಲ್ಲಿ ಮೇಣದಬತ್ತಿ ಹಚ್ಚುತ್ತಾರೆ, ಅಕ್ಟೋಬರ್ 12ರಂದು ಊರಹಬ್ಬ.

ನಾವು ಅನ್ನಲು ಎರಡು ಪದ

ಕೋಟೆಯ ಸುತ್ತ ಮೆಕ್ಸಿಕೊದಿಂದ ಬಂದ ಸಿಪಾಯಿಗಳು, ವಿಸಾಯಾ ದ್ವೀಪಗಳ ಕೂಲಿಗಳು, ಸ್ಥಳೀಯ ಸಾಮಾಗಳು, ಚೀನೀ ವ್ಯಾಪಾರಿಗಳು ಸೇರಿದರು. ಇವರೆಲ್ಲ ಒಬ್ಬರಿಗೊಬ್ಬರು ಮಾತಾಡಲೇಬೇಕಲ್ಲ, ಅದರಿಂದ ಚಾವಕಾನೊ ಅನ್ನುವ ಭಾಷೆ ಬೆಳೆಯಿತು. ಪದಗಳು ಹೆಚ್ಚಿನವು ಸ್ಪ್ಯಾನಿಷ್, ಹೊಂದಿಸುವ ರೀತಿ ಫಿಲಿಪ್ಪೀನ್ಸ್‌ನದ್ದು. ‘ದೋಂದೆ ತು ಆಂದಾ?’ ಅಂದರೆ ಎಲ್ಲಿಗೆ ಹೊರಟೆ? ಸ್ಪೇನಿನವರಿಗೆ ಅರ್ಥ ಆಗುತ್ತದೆ, ಆದರೆ ಇದೇನು ವ್ಯಾಕರಣ ಅಂತ ಕಣ್ಣರಳಿಸುತ್ತಾರೆ.

ಈ ಭಾಷೆಯಲ್ಲಿ ‘ನಾವು’ ಅನ್ನಲು ಎರಡು ಪದ ಇವೆ. ಕೇಳುವವನನ್ನೂ ಸೇರಿಸಿಕೊಂಡ ನಾವು ‘ಕಿತಾ’. ಅವನನ್ನು ಬಿಟ್ಟು ನಾವು ಅನ್ನುವುದಾದರೆ ‘ಕಾಮೆ’. ತೆಲುಗಿನ ಮನಮು, ಮೇಮು ಇದ್ದ ಹಾಗೆ. ಕನ್ನಡದಲ್ಲಿ ನಮಗೆ ಆ ಸೌಕರ್ಯ ಇಲ್ಲ. ಜಾಂಬೊವಾಂಗಾದ ರಾಜಕೀಯ ಹೆಚ್ಚಿನಂಶ ಈ ಎರಡು ಪದಗಳ ನಡುವಿನ ಎಳೆದಾಟ ಅಂತ ನನಗೆ ಅನ್ನಿಸುತ್ತದೆ. ಸಂತೆಯಲ್ಲಿ ಸುಲುವಿನವರ ಜೊತೆ ಕಿತಾ, ಮತಪೆಟ್ಟಿಗೆಯ ಮುಂದೆ ಕಾಮೆ.

ಸಂತೆಯ ಕಡೆ ನೋಡಿ. ಬೆಳಗಿನ ತಿಂಡಿಗೆ ಊರಿನವರು ಸತ್ತಿ ತಿನ್ನುತ್ತಾರೆ, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಚೂರು, ಖಾರದ ಗೊಜ್ಜು, ಎಲೆಯಲ್ಲಿ ಬೇಯಿಸಿದ ಅನ್ನ. ಅದು ಸುಲುವಿನ ತೌಸುಗ್ ಜನರ ತಿಂಡಿ. ಕನೆಲಾರ್‌ನ ಬಾರ್ಟರ್ ಮಾರುಕಟ್ಟೆಯಲ್ಲಿ ಮಲೇಷ್ಯಾದ ಚಾಕೊಲೇಟ್, ಬಾಟಿಕ್ ಬಟ್ಟೆ ಸಿಗುತ್ತದೆ, ಸುಲು ಸಮುದ್ರದ ದಾರಿಯಲ್ಲಿ ಬಂದದ್ದು. ನೇಯ್ಗೆಗೆ ಹೆಸರಾದ ಯಾಕಾನ್ ಹಳ್ಳಿಯಲ್ಲಿರುವವರು 1970ರ ದಶಕದ ಯುದ್ಧದಲ್ಲಿ ಬಸಿಲಾನ್ ಬಿಟ್ಟು ಓಡಿ ಬಂದ ಕುಟುಂಬಗಳು. 1974ರ ಫೆಬ್ರವರಿಯಲ್ಲಿ ಸೇನೆಗೂ ಬಂಡುಕೋರರಿಗೂ ನಡೆದ ಕಾಳಗದಲ್ಲಿ ಹೋಲೋ ಪಟ್ಟಣವೇ ಸುಟ್ಟುಹೋಯಿತು, ಆಗಲೂ ಬದುಕುಳಿದವರು ಬಹಳ ಮಂದಿ ಬಂದು ಇಳಿದದ್ದು ಇದೇ ಬಂದರಿನಲ್ಲಿ.

ಇನ್ನು ಮೀನು. ದೇಶದ ಡಬ್ಬಿ ಸಾರ್ಡೀನ್‌ನ ದೊಡ್ಡ ಪಾಲು ಜಾಂಬೊವಾಂಗಾದ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ. ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ನೆಂಟ ಆ ಮೀನು. ಮೊಟ್ಟೆ ಇಡುವ ಕಾಲದಲ್ಲಿ ವರ್ಷಕ್ಕೆ 3 ತಿಂಗಳು ದೊಡ್ಡ ದೋಣಿಗಳು ಅದನ್ನು ಹಿಡಿಯುವಂತಿಲ್ಲ ಅಂತ 2011ರಿಂದ ನಿಯಮ ಇದೆ, ನಮ್ಮ ಮಳೆಗಾಲದ ರಜೆಯ ಹಾಗೆಯೇ. ಆ ಮೀನು ಸಿಗುವುದು ಬಸಿಲಾನ್ ಜಲಸಂಧಿ, ಸುಲು ಸಮುದ್ರದ ಪೂರ್ವ ಭಾಗ, ಸಿಬುಗೆ ಕೊಲ್ಲಿಯಲ್ಲಿ. ಮೀನಿಗೆ ಸ್ವಾಯತ್ತ ಪ್ರದೇಶದ ಗಡಿ ಗೊತ್ತಿಲ್ಲ.

ಎರಡು ಸಲ ಮತ, ಒಂದು ಸಲ ಕೋರ್ಟು

ಇಷ್ಟೆಲ್ಲ ಒಡನಾಟ ಇದ್ದರೂ ರಾಜಕೀಯವಾಗಿ ಊರು ದೂರವೇ ನಿಂತಿತು. 1972ರಲ್ಲಿ ಮೊದಲ ಮಾರ್ಕೋಸ್, ಅಂದರೆ ಮಾರ್ಕೋಸ್ ಜೂನಿಯರ್ ತಂದೆ, ಮಾರ್ಷಲ್ ಲಾ ಹೇರಿದರು. ಸುಲುವಿನ ನೂರ್ ಮಿಸುವಾರಿ ಕಟ್ಟಿದ ಎಂಎನ್‌ಎಲ್‌ಎಫ್ (ಮೊರೊ ರಾಷ್ಟ್ರೀಯ ವಿಮೋಚನಾ ರಂಗ) ಬೇರೆ ದೇಶ ಬೇಕು ಅಂತ ಆಯುಧ ಹಿಡಿಯಿತು. 1976ರ ಡಿಸೆಂಬರ್‌ನಲ್ಲಿ ಲಿಬಿಯಾದ ಟ್ರಿಪೋಲಿಯಲ್ಲಿ ಒಪ್ಪಂದ ಆಯಿತು, 13 ಪ್ರಾಂತ್ಯಗಳಿಗೆ ಸ್ವಾಯತ್ತತೆ ಕೊಡುವುದಾಗಿ. ಜಾಂಬೊವಾಂಗಾದ ನೆಲ ಎಲ್ಲವೂ ಆ ಪಟ್ಟಿಯಲ್ಲಿತ್ತು. ಇಲ್ಲಿನವರನ್ನು ಯಾರೂ ಕೇಳಿರಲಿಲ್ಲ.

ಮನಿಲಾ ನಮ್ಮನ್ನು ಕೇಳದೆ ನಮ್ಮ ನೆಲ ಹಂಚುತ್ತದೆ ಅನ್ನುವ ಸಿಟ್ಟು ಆಗಿನಿಂದ ಗಟ್ಟಿಯಾಯಿತು. ಹಟಮಾರಿತನ ಈ ಊರಿಗೆ ಹೊಸದೇನಲ್ಲ. 1899ರಲ್ಲಿ ಸ್ಪೇನಿನವರು ಕೋಟೆ ಬಿಟ್ಟು ಹೋದಾಗ ವಿಸೆಂಟೆ ಆಲ್ವಾರೆಸ್ ನಾಯಕತ್ವದಲ್ಲಿ ಊರಿನವರು ತಮ್ಮದೇ ಒಂದು ಗಣರಾಜ್ಯ ಮಾಡಿಕೊಂಡಿದ್ದರು, ಸ್ವಲ್ಪ ಕಾಲಕ್ಕೆ. ಮೇಯರ್ ಸೀಸರ್ ಕ್ಲಿಮಾಕೊ ಮಾರ್ಷಲ್ ಲಾ ವಿರೋಧಿಸಿ, ಪ್ರಜಾಪ್ರಭುತ್ವ ಮರಳುವವರೆಗೆ ಕೂದಲು ಕತ್ತರಿಸುವುದಿಲ್ಲ ಅಂತ ಶಪಥ ಮಾಡಿದ್ದರು. 1984ರ ನವೆಂಬರ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಕೂದಲು ಉದ್ದವೇ ಇತ್ತು.

ಮಾರ್ಕೋಸ್ ಬಿದ್ದ ಮೇಲೆ 1987ರಲ್ಲಿ ಹೊಸ ಸಂವಿಧಾನ ಬಂತು. ಅದರಲ್ಲಿ ಒಂದು ಸಾಲು ಇದೆ, ಇಡೀ ಕಥೆಯ ಕೀಲಿ ಅದು: ಜನಮತದಲ್ಲಿ ಪರವಾಗಿ ಮತ ಹಾಕಿದ ಪ್ರಾಂತ್ಯ, ನಗರ ಮತ್ತು ಭೌಗೋಳಿಕ ಪ್ರದೇಶಗಳು ಮಾತ್ರ ಸ್ವಾಯತ್ತ ಪ್ರದೇಶಕ್ಕೆ ಸೇರುತ್ತವೆ. 1989ರಲ್ಲಿ ಮತ ಕೇಳಿದಾಗ ಸುಲು, ತಾವಿ-ತಾವಿ, ಮಗಿಂದನಾವೊ, ಲಾನಾವೊ ದೆಲ್ ಸುರ್, ಈ ನಾಲ್ಕು ಮಾತ್ರ ಹೂಂ ಅಂದವು. ಜಾಂಬೊವಾಂಗಾ ಬೇಡ ಅಂದಿತು. 2001ರಲ್ಲಿ ಮತ್ತೆ ಕೇಳಿದರು. ಇಸಬೆಲಾ ನಗರ ಬಿಟ್ಟು ಉಳಿದ ಬಸಿಲಾನ್, ಜೊತೆಗೆ ಮರಾವಿ ನಗರ ಹೊಸದಾಗಿ ಸೇರಿದವು. ಜಾಂಬೊವಾಂಗಾ ಮತ್ತೆ ಬೇಡ ಅಂದಿತು.

ಮೂರನೇ ಸಲ ಮತ ಹಾಕುವ ಹಂತಕ್ಕೂ ಬಿಡಲಿಲ್ಲ. 2008ರಲ್ಲಿ ಸರ್ಕಾರ ಎಂಐಎಲ್‌ಎಫ್ (ಮೊರೊ ಇಸ್ಲಾಮಿಕ್ ವಿಮೋಚನಾ ರಂಗ) ಜೊತೆ ಹೊಸ ಒಪ್ಪಂದ ಬರೆಯಿತು. ಎಂಎನ್‌ಎಲ್‌ಎಫ್‌ನಿಂದ ಒಡೆದು ಹೋದ, ಮಿಂಡನಾವೊ ಒಳನಾಡಿನಲ್ಲಿ ಬೇರು ಇರುವ ಗುಂಪು ಅದು. ಒಪ್ಪಂದದ ನಕ್ಷೆಯಲ್ಲಿ ತಮ್ಮ ಕೆಲವು ಬಡಾವಣೆಗಳೂ ಇವೆ ಅಂತ ಗೊತ್ತಾದ ಕೂಡಲೇ ಜಾಂಬೊವಾಂಗಾ ಸುಪ್ರೀಂ ಕೋರ್ಟಿಗೆ ಓಡಿತು, ಉತ್ತರ ಕೊತಬಾತೊ ಮೊದಲಾದವೂ ಹೋದವು. ಕೌಲಾಲಂಪುರದಲ್ಲಿ ಸಹಿ ಆಗಬೇಕಿದ್ದ ಹಿಂದಿನ ದಿನ ಕೋರ್ಟ್ ತಡೆ ಕೊಟ್ಟಿತು. ಅಕ್ಟೋಬರ್‌ನಲ್ಲಿ 8-7 ಬಹುಮತದಿಂದ ಒಪ್ಪಂದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪಾಯಿತು. ಅಷ್ಟರಲ್ಲಿ ಒಳನಾಡಿನಲ್ಲಿ ಮತ್ತೆ ಗುಂಡು ಹಾರಾಟ ಶುರುವಾಗಿತ್ತು.

2013ರ ಗಾಯ

ಸುಲು ತೀರ್ಪಿನ ತಾರೀಖು ಸೆಪ್ಟೆಂಬರ್ 9 ಅಂದೆ. ಜಾಂಬೊವಾಂಗಾದವರಿಗೆ ಆ ದಿನ ಬೇರೆ ಕಾರಣಕ್ಕೆ ನೆನಪು. 2013ರ ಅದೇ ದಿನ ಎಂಎನ್‌ಎಲ್‌ಎಫ್‌ನ ಮಿಸುವಾರಿ ಬಣದ ನೂರಾರು ಹೋರಾಟಗಾರರು ಸಮುದ್ರದಿಂದ ಬಂದು ಕರಾವಳಿಯ ಕೇರಿಗಳಿಗೆ ನುಗ್ಗಿದರು.

ಕಾರಣ ಸರಳ. 2012ರಲ್ಲಿ ಸರ್ಕಾರ ಎಂಐಎಲ್‌ಎಫ್ ಜೊತೆ ಚೌಕಟ್ಟು ಒಪ್ಪಂದ ಮಾಡಿಕೊಂಡಿತು. 1996ರಲ್ಲಿ ತಮ್ಮ ಜೊತೆ ಆಗಿದ್ದ ಒಪ್ಪಂದವನ್ನು ಪಕ್ಕಕ್ಕೆ ಸರಿಸಿದರು ಅಂತ ಮಿಸುವಾರಿ ಕಡೆಯವರಿಗೆ ಅನ್ನಿಸಿತು. ಆ ಸಿಟ್ಟನ್ನು ತೀರಿಸಿಕೊಂಡದ್ದು ಮಾತ್ರ ಆ ಒಪ್ಪಂದಕ್ಕೆ ಸಹಿ ಹಾಕದ ಒಂದು ಊರಿನ ಮೇಲೆ. ಸುಮಾರು 3 ವಾರ ಕಾಳಗ ನಡೆಯಿತು. 200ಕ್ಕೂ ಹೆಚ್ಚು ಜನ ಸತ್ತರು, ಲಕ್ಷಕ್ಕೂ ಮೀರಿ ಜನ ಮನೆ ಬಿಟ್ಟರು, ಸುಮಾರು 10,000 ಮನೆ ಹಾಳಾದವು. ಊರಿನ ಕ್ರೀಡಾಂಗಣವೇ ತಿಂಗಳುಗಟ್ಟಲೆ ನಿರಾಶ್ರಿತರ ಶಿಬಿರವಾಗಿತ್ತು.

ಸುಟ್ಟ ಕೇರಿಗಳ ಹೆಸರು ಗಮನಿಸಿ: ರಿಯೊ ಹೊಂಡೊ, ಮರಿಕಿ, ಸಾಂತಾ ಕತಲಿನಾ, ಸಾಂತಾ ಬಾರ್ಬರಾ. ಅಲ್ಲಿದ್ದವರಲ್ಲಿ ತೌಸುಗರು, ಸಾಮಾಗಳು, ಅಂದರೆ ಮುಸ್ಲಿಮರೇ ಜಾಸ್ತಿ. ಯಾರ ಹೆಸರಲ್ಲಿ ಬಂದೂಕು ಹಿಡಿದರೋ ಅವರದೇ ಮನೆ ಹೋಯಿತು. ಕ್ಯಾಥೊಲಿಕರು ಬಹುಸಂಖ್ಯಾತರಾದ ಊರಿನಲ್ಲಿ ಇದು ಎರಡು ಥರ ಕೆಲಸ ಮಾಡಿತು. ಮುಸ್ಲಿಂ ನೆರೆಯವರೂ ನಮ್ಮ ಹಾಗೆಯೇ ನೊಂದವರು ಅಂತ ಕೆಲವರಿಗೆ ಅನ್ನಿಸಿತು. ಸುಲುವಿನ ಜಗಳ ಯಾವತ್ತಿದ್ದರೂ ನಮ್ಮ ಬಾಗಿಲಿಗೇ ಬರುತ್ತದೆ ಅಂತ ಇನ್ನು ಕೆಲವರು ತೀರ್ಮಾನಿಸಿದರು. ಇವತ್ತಿನ ಆತಂಕದ ಬೇರು ಈ ಎರಡನೆಯದರಲ್ಲಿದೆ.

1989ರಲ್ಲಿ ಹೂಂ ಅಂದ ಸುಲು 2019ರಲ್ಲಿ ಯಾಕೆ ಬೇಡ ಅಂದಿತು?

2014ರಲ್ಲಿ ಎಂಐಎಲ್‌ಎಫ್ ಜೊತೆ ಪೂರ್ತಿ ಒಪ್ಪಂದ ಆಯಿತು, 2018ರಲ್ಲಿ ಹಳೇ ಸ್ವಾಯತ್ತ ಪ್ರದೇಶದ ಜಾಗಕ್ಕೆ ಬಂಗ್ಸಾಮೊರೊ ತರುವ ಕಾನೂನು ಬಂತು, 2019ರ ಜನವರಿ 21ರಂದು ಜನಮತ. ಸುಲುವಿನಲ್ಲಿ ಬೇಡ ಅಂದವರು 1,63,526, ಬೇಕು ಅಂದವರು 1,37,630. ಬಂಗ್ಸಾಮೊರೊ ಅನ್ನುವ ಕನಸಿಗೆ ಹೋರಾಟ ಶುರುಮಾಡಿದ ನಾಡೇ ಹೀಗಂದರೆ ಹೇಗೆ ಅಂತ ಹೊರಗಿನವರಿಗೆ ಆಶ್ಚರ್ಯವಾಯಿತು.

ಆದರೆ ಒಳಗಿನ ಲೆಕ್ಕ ಬೇರೆ. ಹಳೇ ಸ್ವಾಯತ್ತ ಪ್ರದೇಶದಲ್ಲಿ ಗವರ್ನರ್‌ನನ್ನು ಜನ ನೇರವಾಗಿ ಆರಿಸುತ್ತಿದ್ದರು, 1996ರಿಂದ 2001ರವರೆಗೆ ಆ ಕುರ್ಚಿಯಲ್ಲಿ ಸುಲುವಿನ ಮಿಸುವಾರಿಯೇ ಇದ್ದರು. ಹೊಸ ವ್ಯವಸ್ಥೆಯಲ್ಲಿ ಸಂಸತ್ತು, ಅದನ್ನು ನಡೆಸುವುದು ಎಂಐಎಲ್‌ಎಫ್, ಅದರ ಬಲ ಇರುವುದು ಮಗಿಂದನಾವೊ ಕಡೆ. ರಾಜಧಾನಿ ಕೊತಬಾತೊ, ಸುಲುವಿನಿಂದ ಸಮುದ್ರ ದಾಟಿ ಹೋಗಬೇಕು. ಸುಲ್ತಾನರ ಕಾಲದಿಂದ ತಮ್ಮದೇ ಒಂದು ಲೋಕ ಅಂದುಕೊಂಡ ತೌಸುಗರಿಗೆ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ ಅನ್ನಿಸಿದ್ದರೆ ತಪ್ಪಿಲ್ಲ. ಜೊತೆಗೆ ಪ್ರಾಂತ್ಯವನ್ನು ಆಳುವ ತಾನ್ ಕುಟುಂಬ ಕಾನೂನಿಗೆ ವಿರುದ್ಧ ಇತ್ತು. ಆಗ ಗವರ್ನರ್ ಆಗಿದ್ದ ಎರಡನೇ ಅಬ್ದುಸಕುರ್ ತಾನ್, ಜನಮತಕ್ಕೂ ಮೊದಲೇ, 2018ರಲ್ಲೇ, ಸುಪ್ರೀಂ ಕೋರ್ಟಿಗೆ ಹೋಗಿದ್ದರು.

ಆದರೂ ಸುಲುವನ್ನು ಒಳಗೆ ಸೇರಿಸಿಕೊಂಡರು. ಯಾಕೆ? ಹಳೇ ಸ್ವಾಯತ್ತ ಪ್ರದೇಶ ಪೂರ್ತಿ ಒಂದೇ ಘಟಕವಾಗಿ ಮತ ಹಾಕುತ್ತದೆ ಅಂತ ಕಾನೂನಿನಲ್ಲಿ ಬರೆದಿತ್ತು. ಒಟ್ಟು ಲೆಕ್ಕದಲ್ಲಿ ಹೂಂ ಗೆದ್ದಿತು, ಸುಲುವಿನ ಬೇಡ ಅದರಲ್ಲಿ ಮುಳುಗಿಹೋಯಿತು.

ನ್ಯಾಯಮೂರ್ತಿ ಮಾರ್ವಿಕ್ ಲಿಯೊನೆನ್ ಬರೆದ, ಎಲ್ಲ ನ್ಯಾಯಮೂರ್ತಿಗಳೂ ಒಪ್ಪಿದ ತೀರ್ಪು ಹಿಡಿದದ್ದು ಇದೇ ಎಳೆಯನ್ನು. ಸಂವಿಧಾನ ಪ್ರಾಂತ್ಯ ಅಂತ ಹೇಳಿದೆ, ಸುಲು ಒಂದು ಪ್ರಾಂತ್ಯ, ಅದರ ಉತ್ತರವನ್ನು ಬೇರೆಯವರ ಉತ್ತರದ ಜೊತೆ ಕಲೆಸುವಂತಿಲ್ಲ. ಕಾನೂನಿನ ಉಳಿದ ಭಾಗ ಸರಿ ಇದೆ, ಬಂಗ್ಸಾಮೊರೊ ಇರುತ್ತದೆ, ಸುಲು ಮಾತ್ರ ಅದರಲ್ಲಿ ಇರುವುದಿಲ್ಲ. ಬಂಗ್ಸಾಮೊರೊ ಸರ್ಕಾರ ಮರುಪರಿಶೀಲನೆ ಕೇಳಿತು. ನವೆಂಬರ್‌ನಲ್ಲಿ ಅದೂ ಬಿದ್ದುಹೋಯಿತು.

ಯಾರ ವಾದ ಏನು

ಬಂಗ್ಸಾಮೊರೊ ನಾಯಕರ ಮಾತು ಇದು: ಸುಲು ಸುಲ್ತಾನರ ನಾಡು, ನಮ್ಮ ಇತಿಹಾಸದ ಅರ್ಧ ಅದು, ಅದಿಲ್ಲದ ಬಂಗ್ಸಾಮೊರೊ ಅಂಗಹೀನ. ಇನ್ನೊಂದು ತೊಡಕೂ ಇದೆ. ನಕ್ಷೆ ನೋಡಿದರೆ ಈಗ ತಾವಿ-ತಾವಿ ಒಂದು ಕಡೆ ಬಿದ್ದಿದೆ, ಬಸಿಲಾನ್ ಮತ್ತು ಒಳನಾಡು ಇನ್ನೊಂದು ಕಡೆ, ನಡುವೆ ಸುಲುವಿನ ದ್ವೀಪಗಳು. ಮಾತುಕತೆ ನಡೆಸಿ 40 ವರ್ಷದ ಯುದ್ಧ ನಿಲ್ಲಿಸಿದವರಿಗೆ ಕೋರ್ಟಿನ ಒಂದು ತೀರ್ಪಿನಿಂದ ನಕ್ಷೆ ಬದಲಾಗುವುದು ಕಹಿ. ಅದು ಅರ್ಥವಾಗುವಂಥದ್ದೇ.

ಸುಲುವಿನ ವಾದ ಒಂದೇ ಸಾಲಿನದು. ಕೇಳಿದಿರಿ, ಬೇಡ ಅಂದೆವು, ಮುಗಿಯಿತು.

ನನ್ನ ಪ್ರಕಾರ ಕಾನೂನಿನ ಮಟ್ಟಿಗೆ ಸುಲುವೇ ಸರಿ. ಜಾಂಬೊವಾಂಗಾ ಇಷ್ಟು ವರ್ಷ ಯಾವ ಸಾಲನ್ನು ಗುರಾಣಿ ಮಾಡಿಕೊಂಡು ಹೊರಗೆ ನಿಂತಿತೋ ಅದೇ ಸಾಲಿನಿಂದ ಸುಲು ಹೊರಬಂದಿದೆ. ಒಬ್ಬರಿಗೆ ನ್ಯಾಯ, ಇನ್ನೊಬ್ಬರಿಗೆ ಬೇರೆ ಅನ್ನಲು ಬರುವುದಿಲ್ಲ. ಆದರೆ ಹೊರಬಂದವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಯಾವ ಜನಮತವೂ ಕೇಳಲಿಲ್ಲ. ಸುಲುವಿನವರನ್ನೂ ಕೇಳಲಿಲ್ಲ, ಜಾಂಬೊವಾಂಗಾದವರನ್ನೂ ಕೇಳಲಿಲ್ಲ. ರೀಜನ್ ಗೆರೆ ಎಳೆಯಲು ಅಧ್ಯಕ್ಷರ ಸಹಿ ಸಾಕು, ಕಾನೂನಿನಲ್ಲಿ ಅದಕ್ಕೆ ಅಡ್ಡಿಯೇನೂ ಇಲ್ಲ. ತಂದೆ ಮಾರ್ಕೋಸ್ ಸರ್ಕಾರ ಟ್ರಿಪೋಲಿಯಲ್ಲಿ ಜಾಂಬೊವಾಂಗಾವನ್ನು ಸುಲುವಿನ ಕಡೆ ತಳ್ಳಿತ್ತು. ಮಗ ಮಾರ್ಕೋಸ್ ಸುಲುವನ್ನು ಜಾಂಬೊವಾಂಗಾ ಕಡೆ ತಳ್ಳಿದ್ದಾರೆ.

ಒಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡಬೇಕು. ಮೊದಲ ಬಂಗ್ಸಾಮೊರೊ ಚುನಾವಣೆಗೆ ಎಂಐಎಲ್‌ಎಫ್ ವಿರುದ್ಧ ಒಂದು ದೊಡ್ಡ ಮೈತ್ರಿಕೂಟ ತಯಾರಾಗಿತ್ತು. ಅದರ ಮುಖ್ಯಮಂತ್ರಿ ಅಭ್ಯರ್ಥಿ ಯಾರು ಗೊತ್ತಾ? ಆಗ ಸುಲುವಿನ ಗವರ್ನರ್ ಆಗಿದ್ದ ಸಕುರ್ ತಾನ್, ಕೇಸು ಹಾಕಿದವರ ತಂದೆ. ಮನೆಯವರು ಹೂಡಿದ ಕೇಸು ಗೆದ್ದಿತು, ತಂದೆಯ ಮುಖ್ಯಮಂತ್ರಿ ದಾರಿ ಮುಚ್ಚಿಹೋಯಿತು.

ದುಡ್ಡು ಮತ್ತು ಸಂಬಳ

ಇನ್ನು ಪರಿಣಾಮಗಳು. ಬಂಗ್ಸಾಮೊರೊಗೆ ಕೇಂದ್ರ ಪ್ರತಿ ವರ್ಷ ತೆರಿಗೆ ಸಂಗ್ರಹದ 5% ಲೆಕ್ಕದಲ್ಲಿ ಒಟ್ಟು ಅನುದಾನ ಕೊಡುತ್ತದೆ. ಆ ಸೂತ್ರ ಎಷ್ಟು ಪ್ರಾಂತ್ಯ, ಎಷ್ಟು ಜನ ಅನ್ನುವುದರ ಮೇಲೆ ಇಲ್ಲ. ಹಾಗಾಗಿ ಸುಲು ಹೋದರೂ ಅನುದಾನ ತಾನಾಗಿಯೇ ಕಡಿಮೆ ಆಗುವುದಿಲ್ಲ, ಹಂಚಿಕೊಳ್ಳುವ ಕೈ ಕಡಿಮೆ ಆಗುತ್ತದೆ. ಸುಲು ಆ ಪಾಲನ್ನು ಕಳೆದುಕೊಳ್ಳುತ್ತದೆ. ಪ್ರಾಂತ್ಯಗಳಿಗೆ ಕೇಂದ್ರದಿಂದ ನೇರವಾಗಿ ಬರುವ ತೆರಿಗೆ ಪಾಲು ಮಾತ್ರ ಮೊದಲಿನಂತೆ ಬರುತ್ತದೆ.

ಕಷ್ಟ ಇರುವುದು ಸಂಬಳದಲ್ಲಿ. ಸುಲುವಿನ ಶಾಲೆ, ಆಸ್ಪತ್ರೆ, ಸಮಾಜ ಕಲ್ಯಾಣ ಎಲ್ಲ ಬಂಗ್ಸಾಮೊರೊ ಸಚಿವಾಲಯಗಳ ಕೆಳಗಿತ್ತು. ಸಾವಿರಾರು ಶಿಕ್ಷಕರು, ದಾದಿಯರು ಅವುಗಳ ನೌಕರರು. ಅವರನ್ನೆಲ್ಲ ಕೇಂದ್ರದ ಇಲಾಖೆಗಳ ಪಟ್ಟಿಗೆ ತರಬೇಕು, ಕೇಂದ್ರದ ಬಜೆಟ್‌ನಲ್ಲಿ ಜಾಗ ಮಾಡಬೇಕು. ತೀರ್ಪು ಒಂದೇ ದಿನದಲ್ಲಿ ಬರುತ್ತದೆ, ಕಡತ ಬದಲಾಗಲು ವರ್ಷಗಳು ಬೇಕು. ಹಾಗಂತ ಎಲ್ಲವೂ ಹೋಗುವುದಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನು 1977ರಿಂದ ಇಡೀ ದೇಶಕ್ಕೆ ಅನ್ವಯ ಆಗುವ ಸಂಹಿತೆ, ಅದು ಸ್ವಾಯತ್ತ ಪ್ರದೇಶದ ಕೊಡುಗೆ ಅಲ್ಲ. ಸುಲುವಿನ ಮದುವೆ, ಆಸ್ತಿ ಹಂಚಿಕೆಯ ವ್ಯಾಜ್ಯಗಳಿಗೆ ಶರಿಯಾ ಕೋರ್ಟು ಇದ್ದೇ ಇರುತ್ತದೆ.

ಬಂಗ್ಸಾಮೊರೊ ಕಡೆ ಇನ್ನೊಂದು ಸರಪಳಿ ಶುರುವಾಯಿತು. ಸಂಸತ್ತಿನ 32 ಜಿಲ್ಲಾ ಸ್ಥಾನಗಳಲ್ಲಿ 7 ಸುಲುವಿನವು. ಅವನ್ನು ಏನು ಮಾಡುವುದು? ಉಳಿದವರಿಗೆ ಹಂಚಲು ಬಂಗ್ಸಾಮೊರೊ ಕಾನೂನು ಮಾಡಿತು, ಚುನಾವಣೆ ಹತ್ತಿರ ಇದ್ದಾಗ ಗಡಿ ಬದಲಿಸುವಂತಿಲ್ಲ ಅಂತ ಕೋರ್ಟ್ ಅದನ್ನೂ ಹೊಡೆದುಹಾಕಿತು. ಅದರಿಂದ 2025ರ ಅಕ್ಟೋಬರ್ 13ಕ್ಕೆ ಇದ್ದ ಮೊದಲ ಚುನಾವಣೆ ನಡೆಯಲೇ ಇಲ್ಲ. ಅದು 2022ರಿಂದ ಮುಂದಕ್ಕೆ ಹೋಗುತ್ತಲೇ ಇದ್ದ ಚುನಾವಣೆ ಅನ್ನುವುದೂ ನೆನಪಿರಲಿ.

ಬಂದರಿನ ಲಾಭ, ಬಂದರಿನ ತಲೆನೋವು

2020ರ ಜನಗಣತಿಯಲ್ಲಿ 9ನೇ ರೀಜನ್‌ನ ಜನಸಂಖ್ಯೆ 38,75,576, ಸುಲುವಿನದು 10,00,108. ಅಂದರೆ ರೀಜನ್ ಒಂದೇ ಸಲ ಕಾಲು ಭಾಗಕ್ಕಿಂತ ಜಾಸ್ತಿ ಬೆಳೆಯಿತು. ಜಾಂಬೊವಾಂಗಾ ನಗರ ಒಂದರಲ್ಲೇ 9,77,234 ಜನ.

ಆದರೆ ರೀಜನ್‌ನ ಕೇಂದ್ರ ಜಾಂಬೊವಾಂಗಾ ಅಲ್ಲ! 1990ರಲ್ಲಿ ಅಧ್ಯಕ್ಷೆ ಕೊರಾಜಾನ್ ಅಕಿನೋ ಅದನ್ನು ಪಗಾದಿಯನ್‌ಗೆ ಕೊಟ್ಟರು. ಪರ್ಯಾಯದ್ವೀಪದ ಇನ್ನೊಂದು ತುದಿಯ ಊರು ಅದು, ರಸ್ತೆಯಲ್ಲಿ 250 ಕಿಲೋಮೀಟರ್‌ಗೂ ಜಾಸ್ತಿ. ಸುಲು, ತಾವಿ-ತಾವಿ ಆಗ ತಾನೇ ಬಿಟ್ಟು ಹೋಗಿದ್ದರಿಂದ ದ್ವೀಪಗಳ ಕಡೆ ಮುಖ ಮಾಡಿದ ಬಂದರಿಗಿಂತ ಒಳನಾಡಿನ ಊರು ಕೇಂದ್ರ ಆಗಬಹುದಿತ್ತು. ಈಗ ಆ ಲೆಕ್ಕ ತಿರುಗಿದೆ. ಹೋಲೋದ ಶಿಕ್ಷಕನೊಬ್ಬ ಕಡತ ಹಿಡಿದು ಪಗಾದಿಯನ್‌ಗೆ ಹೋಗಬೇಕಾದರೆ ರಾತ್ರಿ ಹಡಗಿನಲ್ಲಿ ಜಾಂಬೊವಾಂಗಾಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಇಡೀ ಪರ್ಯಾಯದ್ವೀಪ ದಾಟಬೇಕು. ಸುಲುವಿಗೆ ಅಂತ ಕಚೇರಿಗಳು ಜಾಂಬೊವಾಂಗಾದಲ್ಲಿ ಇರಲಿ ಅನ್ನುವ ಒತ್ತಡ ಹೆಚ್ಚಾಗುವುದು ಖಂಡಿತ. ಕಚೇರಿ ಬಂದರೆ ಬಾಡಿಗೆ, ಹೋಟೆಲ್, ಕಾಲೇಜು, ಆಸ್ಪತ್ರೆ ಎಲ್ಲದಕ್ಕೂ ವ್ಯಾಪಾರ. ಊರಿನ ವರ್ತಕರಿಗೆ ಇದು ಚೆನ್ನಾಗಿ ಗೊತ್ತು.

ತಲೆನೋವೂ ಇದೆ. ಮಲೇಷ್ಯಾದ ಸಬಾ ರಾಜ್ಯದಿಂದ ಗಡಿಪಾರಾದ ಫಿಲಿಪಿನೋಗಳನ್ನು ಹೊತ್ತ ಹಡಗುಗಳು ಬಂದು ನಿಲ್ಲುವ ಮುಖ್ಯ ಬಂದರು ಇದೇ. ಅವರಲ್ಲಿ ಸುಲು ಮೂಲದವರು ಬಹಳ. ಇವರ ಜವಾಬ್ದಾರಿ ಯಾವ ಸರ್ಕಾರದ್ದು ಅಂತ ಇದುವರೆಗೆ ಬಂಗ್ಸಾಮೊರೊ ಕಡೆ ಬೆರಳು ತೋರಿಸಬಹುದಿತ್ತು. ಸುಲುವಿನವರ ಮಟ್ಟಿಗೆ ಇನ್ನು ಹಾಗೆ ಹೇಳಲಾಗದು. ಭದ್ರತೆಯ ವಿಷಯದಲ್ಲಿ ಸುಲು ಮೊದಲಿನ ಸುಲು ಅಲ್ಲ, ಅಬು ಸಯ್ಯಾಫ್ ಎಂಬ ಉಗ್ರರ ಗುಂಪಿನಿಂದ ಮುಕ್ತ ಅಂತ 2023ರಲ್ಲಿ ಘೋಷಿಸಿದ್ದಾರೆ. ಆದರೆ 2013ರಲ್ಲಿ ಮನೆ ಕಳೆದುಕೊಂಡವರಿಗೆ ಘೋಷಣೆ ಸಾಕಾಗುವುದಿಲ್ಲ. ಅವತ್ತಿನ ಕಾಳಗಕ್ಕೆ ಕಾರಣ ಒಂದು ಒಪ್ಪಂದದಿಂದ ಹೊರಗುಳಿದವರ ಸಿಟ್ಟು. ಈ ಸಲ ಹೊರಗೆ ಇರುವುದು ಸುಲುವಿನದೇ ಆಯ್ಕೆ, ಆ ವ್ಯತ್ಯಾಸ ದೊಡ್ಡದು. ಸಂಬಳ ತಡವಾಗಿ, ಶಾಲೆ ಸೊರಗಿ, ಮನಿಲಾ ಮರೆತರೆ ಮಾತ್ರ ಆ ಆಯ್ಕೆ ಎಷ್ಟು ದಿನ ಸಿಹಿಯಾಗಿ ಇರುತ್ತದೆ ಅನ್ನುವುದು ಬೇರೆ ಮಾತು.

ಗೆರೆಗಳು ಎಷ್ಟು ಸಡಿಲ ಅಂತ ತಿಳಿಯಲು ಎದುರಿನ ಬಸಿಲಾನ್ ನೋಡಿದರೆ ಸಾಕು. 1948ರವರೆಗೆ ಆ ದ್ವೀಪ ಜಾಂಬೊವಾಂಗಾ ನಗರದ್ದೇ ಭಾಗವಾಗಿತ್ತು. ಇವತ್ತು ಬಸಿಲಾನ್ ಪ್ರಾಂತ್ಯ ಬಂಗ್ಸಾಮೊರೊದಲ್ಲಿದೆ, ಅದೇ ಪ್ರಾಂತ್ಯಕ್ಕೆ ಸೇರಿದ ಇಸಬೆಲಾ ನಗರ 9ನೇ ರೀಜನ್‌ನಲ್ಲಿದೆ. ಒಂದೇ ದ್ವೀಪ, ಎರಡು ಕಡೆ ಕಡತ. ಇಸಬೆಲಾದ ಕಟ್ಟೆಯಿಂದ ಜಾಂಬೊವಾಂಗಾಕ್ಕೆ ದೋಣಿಗಳು ದಿನವಿಡೀ ಓಡಾಡುತ್ತವೆ. ಅದರಲ್ಲಿ ಕೂತವರಲ್ಲಿ ಯಾರು ಯಾವ ಸರ್ಕಾರದವರು ಅಂತ ಟಿಕೆಟ್ ಹರಿಯುವವನಿಗೂ ಗೊತ್ತಿರುವುದಿಲ್ಲ.